ಸೊನ್ನೆಯ ವಾರದ ಬೀಗರೂಟ

ವಾರ ಯಾವತ್ತಿನಿಂದ ಶುರುವಾಗುತ್ತದೆ ಎಂದು ಯಾರಾದರೂ ಕೇಳಿದರೆ ನೀವು ಯೋಚನೆ ಮಾಡದೆ ಉತ್ತರ ಕೊಡುತ್ತೀರಿ. ಅಲ್ಲೇ ನೀವು ಎಡವುವುದು. ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಈ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು. ಶಾಲೆಯ ಮಕ್ಕಳು ಭಾನುವಾರದಿಂದ ಬಾಯಿಪಾಠ ಒಪ್ಪಿಸುತ್ತಾರೆ. ಕಚೇರಿಯವರಿಗೆ ಸೋಮವಾರ ಬೆಳಿಗ್ಗೆ ಎದೆ ಭಾರವಾದಾಗಲೇ ವಾರ ಹುಟ್ಟುವುದು. ನನ್ನ ಹೆಂಡತಿ ಸುಮಳಿಗೆ ನಲ್ಲಿಯಲ್ಲಿ ನೀರು ಬಿಟ್ಟ ದಿನವೇ ವಾರದ ಮೊದಲ ದಿನ. ನನ್ನ ವಿದ್ಯಾರ್ಥಿಗಳ ವಾರ ಶುರುವಾಗುವುದನ್ನು ನಾನು ಇನ್ನೂ ಕಂಡಿಲ್ಲ, ಶುಕ್ರವಾರ ಮಧ್ಯಾಹ್ನ ಮುಗಿಯುವುದನ್ನು ಮಾತ್ರ ಕಾಣುತ್ತೇನೆ. ಮನುಷ್ಯರೇ ಹೀಗಿರುವಾಗ ಅವರು ಕಟ್ಟಿದ ಕಂಪ್ಯೂಟರ್ ಭಾಷೆಗಳು ಬೇರೆ ಹೇಗಿದ್ದಾವು?

ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಭಾನುವಾರಕ್ಕೆ ಸೊನ್ನೆ, ಸೋಮವಾರಕ್ಕೆ ಒಂದು. ಜನವರಿ ತಿಂಗಳೂ ಅದಕ್ಕೆ ಸೊನ್ನೆಯೇ. ಪೈಥಾನ್ ಎಂಬ ಇನ್ನೊಂದು ಭಾಷೆ ಜನವರಿಯನ್ನು ನಮ್ಮ ಹಾಗೇ ಒಂದು ಎಂದು ಎಣಿಸುತ್ತದೆ, ಆದರೆ ವಾರದ ವಿಷಯಕ್ಕೆ ಬಂದರೆ ಸೋಮವಾರವನ್ನು ಸೊನ್ನೆ ಎನ್ನುತ್ತದೆ. ಅದನ್ನೇ ಸ್ವಲ್ಪ ಬೇರೆ ರೀತಿಯಲ್ಲಿ ಕೇಳಿದರೆ ಸೋಮವಾರ ಒಂದು ಎಂದು ಮಾತು ಬದಲಿಸುತ್ತದೆ. ವರ್ಷದ ವಾರಗಳನ್ನು ಎಣಿಸುವ ಲೆಕ್ಕವಂತೂ ಇನ್ನೂ ಚೆನ್ನ. ಕೆಲವು ವರ್ಷ ಜನವರಿ ಒಂದನೇ ತಾರೀಕು ಹಳೆಯ ವರ್ಷದ ಕೊನೆಯ ವಾರದಲ್ಲೇ ಉಳಿದುಬಿಡುತ್ತದೆ, ಮದುವೆಯಾದರೂ ತವರು ಬಿಟ್ಟು ಹೊರಡದ ಮಗಳ ಹಾಗೆ. ಇದನ್ನೆಲ್ಲ ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ, ತಪ್ಪು ಬರೆದವರಿಗೆ ಅಂಕ ಕೊಯ್ಯುತ್ತೇನೆ. ಆದ್ದರಿಂದ ನನ್ನ ತಂಗಿ ಸವಿತಳ ಬೀಗರೂಟಕ್ಕೆ ದಿನ ಗೊತ್ತುಮಾಡುವ ಹೊಣೆಯನ್ನು ನಾನೇ ಹೊತ್ತುಕೊಂಡೆ ಎಂದರೆ ಅದರಲ್ಲಿ ಅತಿಶಯವೇನೂ ಇಲ್ಲ.

ಮದುವೆಯ ಊಟ ಪಾಯಸದಲ್ಲಿ ಮುಗಿಯುತ್ತದೆ. ನಮ್ಮ ಕಡೆಯ ಜನ ಅದನ್ನು ಊಟವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ಹೆಣ್ಣಿನ ಮನೆಯವರು ಗಂಡಿನ ಮನೆಯವರನ್ನು ಕರೆದು ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು ಬಡಿಸುವ ಬೀಗರೂಟವಿದೆಯಲ್ಲ, ಸಂಬಂಧ ಗಟ್ಟಿಯಾಗುವುದು ಅಲ್ಲಿ. ಅದು ಕೆಟ್ಟರೆ ಮಗಳು ಗಂಡನ ಮನೆಯಲ್ಲಿ ಜೀವಮಾನವಿಡೀ ಆ ಮಾತನ್ನು ಕೇಳಬೇಕು. ಅಪ್ಪ ಇಲ್ಲದ ಮನೆಯಲ್ಲಿ ಹಿರಿಯ ನಾನೇ. ಸವಿತಳ ಅತ್ತೆಮನೆ ಲೊಕ್ಕನಹಳ್ಳಿ. ಮಾವ ಪುಟ್ಟಸ್ವಾಮಿಯವರದು ಮಾತು ಕಡಿಮೆ, ನೋಟ ಜಾಸ್ತಿ. ತಂಗಿ ಅವರೆದುರು ತಲೆ ಎತ್ತಿ ನಡೆಯಬೇಕು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ದಿನ ಹುಡುಕುವುದು ಸುಲಭವಿರಲಿಲ್ಲ. ಸೋಮವಾರ ಬೆಟ್ಟದ ದೇವರು ಮಾದಪ್ಪನ ವಾರ. ಈ ಸುತ್ತಿನಲ್ಲಿ ಅವತ್ತು ಮಾಂಸದ ಮಾತನ್ನೇ ಯಾರೂ ಎತ್ತುವುದಿಲ್ಲ. ಶನಿವಾರ ಬೀಗರು ತಿನ್ನುವುದಿಲ್ಲ, ಶುಕ್ರವಾರ ನಮ್ಮ ಅವ್ವ ಮುಟ್ಟುವುದಿಲ್ಲ. ಅಮಾವಾಸ್ಯೆ ಆಗದು, ನನ್ನ ಕಾಲೇಜಿನ ಪರೀಕ್ಷೆಯ ದಿನಗಳೂ ಆಗವು. ಇದನ್ನೆಲ್ಲ ಪೈಥಾನಿನಲ್ಲಿ ಬರೆದು, ಉಳಿದ ದಿನಗಳಲ್ಲಿ ಮೊದಲ ಭಾನುವಾರವನ್ನು ಹುಡುಕಿ, ಕರೆಯೋಲೆಯನ್ನೂ ತಾನೇ ಸಿದ್ಧಪಡಿಸಿ ಎಲ್ಲರ ಮೊಬೈಲಿಗೆ ಕಳಿಸುವಂಥ ಪ್ರೋಗ್ರಾಮನ್ನು ಮಾಡಿದೆ. ಅದು ಕ್ಷಣದಲ್ಲಿ ಹೇಳಿತು: ಹನ್ನೆರಡನೇ ತಾರೀಕು, ಭಾನುವಾರ.

"ಭಾನ್ವಾರ ಅಂತ ನಾನೇ ಏಳ್ತಿದ್ನಲ್ಲಾ ಮಗ, ಅದ್ಕೆ ಆ ಮಿಸ್ಸಿನ್ನು ಯಾಕ್ಲಾ?" ಎಂದಳು ಅವ್ವ. "ಅಡುಗೆಮನೇಲಿ ಕ್ಯಾಲೆಂಡರ್ ನೇತಾಕಿದೀನಿ, ಒಂದ್ಸಲ ನೋಡಿ ಬನ್ನಿ" ಎಂದಳು ಸುಮ. ವಿದ್ಯೆಗೆ ಮನೆಯಲ್ಲಿ ಸಿಗುವ ಗೌರವವೇ ಇಷ್ಟು ಎಂದುಕೊಂಡು ನಾನು ಗುಂಡಿ ಒತ್ತಿದೆ. ಕರೆಯೋಲೆ ಲೊಕ್ಕನಹಳ್ಳಿಗೂ ಹೋಯಿತು, ಕಾಲೇಜಿಗೂ ಹೋಯಿತು, ಅಡುಗೆಯ ಚಿಕ್ಕಮಾದನಿಗೂ ಹೋಯಿತು.

ಇನ್ನು ಮುಂದೆ ಆದದ್ದನ್ನು ನೀವು ಊಹಿಸಿರುತ್ತೀರಿ. ನನ್ನ ಬೆರಳುಗಳಿಗೆ ಜಾವಾಸ್ಕ್ರಿಪ್ಟಿನ ಹಳೆಯ ಅಭ್ಯಾಸ. ಸೊನ್ನೆಯ ದಿನ ಬೇಕೆಂದು ಬರೆದೆ, ಸೊನ್ನೆಗೆ ಭಾನುವಾರವೆಂದು ಹೆಸರನ್ನೂ ಇಟ್ಟೆ. ಪೈಥಾನ್ ವಿನಯದಿಂದ ತನ್ನ ಸೊನ್ನೆಯ ದಿನವಾದ ಸೋಮವಾರವನ್ನು ಹುಡುಕಿ, ಅದರ ಹಣೆಗೆ ನಾನು ಕೊಟ್ಟ ಭಾನುವಾರದ ಚೀಟಿ ಅಂಟಿಸಿ ಕಳಿಸಿತು. ಹನ್ನೆರಡನೇ ತಾರೀಕು ಸೋಮವಾರವಾಗಿತ್ತು. ಆಶ್ಚರ್ಯವೆಂದರೆ ಅಷ್ಟು ಜನರಲ್ಲಿ ಒಬ್ಬರೂ ಫೋನ್ ಮಾಡಿ ಕೇಳಲಿಲ್ಲ. ವಾರ ನೋಡಿ ಬದುಕುವವರು ವಾರ ನೋಡಿಕೊಂಡರು, ತಾರೀಕು ನೋಡಿ ಬದುಕುವವರು ತಾರೀಕು ನೋಡಿಕೊಂಡರು. ನಾನೂ ನಮ್ಮ ಮನೆಯವರೂ ವಾರದವರು. ಲೊಕ್ಕನಹಳ್ಳಿಯವರೂ ವಾರದವರೇ. ಅಡುಗೆಯವನು ತಾರೀಕಿನವನು.

ಭಾನುವಾರ ಬೆಳಿಗ್ಗೆ ಶಾಮಿಯಾನದ ಕೆಳಗೆ ನಿಂತು ಚಿಕ್ಕಮಾದನಿಗೆ ಫೋನ್ ಮಾಡಿದೆ. ಎಲ್ಲಿದ್ದೀಯಪ್ಪಾ ಎಂದರೆ, ಯಳಂದೂರಿನಲ್ಲಿ ಬೇರೆಯವರ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೇನೆ ಎಂದ.

"ನಿಮ್ದು ನಾಳೆ ಅಲ್ವಾ ಸಾ? ಅನ್ನೆರಡ್ನೇ ತಾರೀಕು?"

"ನಾಳೆ ಸೋಮವಾರ ಕಣೋ! ಸೋಮವಾರ ಯಾರಾದರೂ ಬಾಡೂಟ ಮಾಡಿಸ್ತಾರೇನೋ?"

"ನಾನೂ ಅಂಗೇ ಅನ್ಕಂಡೆ ಸಾ. ಇದ್ಯಾಕಪ್ಪ ಮೇಷ್ಟ್ರು ಮಾದಪ್ಪನ ವಾರ್ದಲ್ಲಿ ಮರಿ ಕುಯ್ಸ್ತಾವ್ರೆ ಅಂತವ. ಓದಿರೋರು, ಏನಾರ ಇರಬೋದು ಅಂದ್ಬುಟ್ಟು ಸುಮ್ನಾದೆ."

ಅಷ್ಟರಲ್ಲಿ ಇನ್ನೊಂದು ಕರೆ ಬಂತು. ಪುಟ್ಟಸ್ವಾಮಿಯವರು. "ಮೇಷ್ಟ್ರೇ, ಮಧುವನಹಳ್ಳಿ ದಾಟ್ದೊ. ಎರಡು ಟೆಂಪೋ ಜನ ಅವ್ರೆ, ಬಂದ್ಬುಟ್ವಿ ಅಂತ್ಲೇ ತಿಳ್ಕಳಿ." ಬೀಗರೂಟಕ್ಕೆ ಹೊರಟವರು ಬೆಳಗಿನ ತಿಂಡಿ ತಿನ್ನುವುದಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಎರಡು ಟೆಂಪೋ ತುಂಬ ಖಾಲಿ ಹೊಟ್ಟೆಗಳು ನನ್ನ ಮನೆಯ ಕಡೆಗೆ ಬರುತ್ತಿದ್ದವು, ಮರಿ ತರುವ ಹೊಣೆಯೂ ಚಿಕ್ಕಮಾದನದೇ ಆಗಿದ್ದರಿಂದ ಮನೆಯಲ್ಲಿ ಒಂದು ತುಂಡು ಮಾಂಸವಿರಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಸವಿತಳ ಮುಖ ಕಣ್ಣಮುಂದೆ ಬಂತು.

ಚೀಲ ಹಿಡಿದು ಮಟನ್ ಅಂಗಡಿಗೆ ಓಡಿದೆ. ಭಾನುವಾರದ ಸಾಲು ರಸ್ತೆಯ ತಿರುವಿನವರೆಗೆ ನಿಂತಿತ್ತು. ಕೊನೆಯಲ್ಲಿ ನಿಂತು ಬೆವರುತ್ತಿದ್ದ ನನ್ನನ್ನು ನೋಡಿ ಮುಂದಿದ್ದವನು ಯಾಕೆಂದು ಕೇಳಿದ. ಬೀಗರು ಬಂದಿದ್ದಾರೆ, ಅಡುಗೆಯವನು ಬಂದಿಲ್ಲ ಎಂದೆ. ಪ್ರೋಗ್ರಾಮಿನ ವಿವರಕ್ಕೆ ಹೋಗಲಿಲ್ಲ. "ಬೀಗ್ರು ಬಂದವ್ರಾ? ಮತ್ಯಾಕೆ ಇಲ್ ನಿಂತಿದೀರಿ ಸಾ, ಮುಂದಕ್ಕೋಗಿ!" ಎಂದು ಅವನು ನನ್ನ ತೋಳು ಹಿಡಿದು ಮುಂದಕ್ಕೆ ತಳ್ಳಿದ. ಅವನ ಮುಂದಿನವನೂ ತಳ್ಳಿದ. ಅಕ್ಕಿಕಾಳಿನಷ್ಟು ಜಾಗಕ್ಕೂ ಜಗಳವಾಡುವ ಆ ಸಾಲು ಒಬ್ಬರೂ ಗೊಣಗದೆ ನನ್ನನ್ನು ಕೈಯಿಂದ ಕೈಗೆ ದಾಟಿಸಿ ಕತ್ತಿಯ ಎದುರು ನಿಲ್ಲಿಸಿತು. ಕೊಳ್ಳೇಗಾಲದ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ನಾನು ಹಿಂತಿರುಗಿದಾಗ ಬೀಗರು ಆಗಲೇ ಶಾಮಿಯಾನದಲ್ಲಿ ಕುಳಿತಿದ್ದರು. ಸವಿತಳ ಅತ್ತೆ ಸೊಸೆಯೊಂದಿಗೆ ನೇರ ಹಿತ್ತಲಿಗೆ ಹೋಗಿ, ಕಲ್ಲು ಜೋಡಿಸಿಟ್ಟ ದೊಡ್ಡ ಒಲೆಯನ್ನು ನೋಡುತ್ತ ನಿಂತಿದ್ದರು. ಒಲೆಯಲ್ಲಿ ಬೂದಿ ಕೂಡ ಇರಲಿಲ್ಲ.

"ಇದೇನವ್ವಾ ಸವಿತಾ, ಒಲೇನೇ ಅಚ್ಚಿಲ್ಲ?"

ಮಾಂಸದ ಚೀಲವನ್ನು ನಾನು ಬೆನ್ನ ಹಿಂದೆ ಹಿಡಿದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸವಿತ ಒಂದು ಸಲ ನನ್ನನ್ನು ನೋಡಿದಳು. ಚಿಕ್ಕಂದಿನಿಂದ ನನ್ನ ಮುಖ ಓದಿದವಳು. ಚೀಲ ನೋಡಬೇಕಾದ ಅಗತ್ಯವೂ ಅವಳಿಗಿರಲಿಲ್ಲ.

"ನಮ್ಮನೇಲಿ ಬೀಗ್ರು ಒಸ್ಲು ತುಳುದ್ ಮೇಲೇನೇ ಒಲೆ ಅಚ್ಚೋದು ಅತ್ತೆ. ತಾತನ ಕಾಲ್ದಿಂದ್ಲೂ ಅಂಗೇಯ. ಆರೋದ ಅಡ್ಗೆ ಬೀಗ್ರಿಗಿಕ್ಕಬಾರ್ದು ಅಂತವ."

ನಲವತ್ತು ವರ್ಷ ಈ ಮನೆಯಲ್ಲಿ ಬಾಳಿದ ಅವ್ವ ತನ್ನ ಗಂಡನ ಮನೆಯ ಈ ಪದ್ಧತಿಯನ್ನು ಅಂದು ಮೊದಲ ಸಲ ಕೇಳಿದಳು. ಆದರೂ ಅರೆಗಳಿಗೆಯಲ್ಲಿ ಸೆರಗು ಕೆಳಗಿಳಿಸಿ, "ಊ ಕಣವ್ವ, ನಮ್ಮತ್ತೆ ಇದ್ರಲ್ಲಿ ಬಲು ಕಟ್ಟುನಿಟ್ಟು" ಎಂದಳು. ಶಾಮಿಯಾನದಲ್ಲಿ ಇದು ಕೇಳಿಸಿ, ಮಾತು ಕಡಿಮೆಯ ಪುಟ್ಟಸ್ವಾಮಿಯವರು ಎದ್ದು ನಿಂತು ತಮ್ಮ ಜನರ ಕಡೆ ತಿರುಗಿದರು. "ನೋಡ್ರಲಾ, ಮರ್ವಾದಿ ಅಂದ್ರೆ ಇದು! ನಾವೂ ಇದೀವಿ, ಬೆಳಿಗ್ಗೇನೇ ಬೇಯ್ಸಿ ಮುಚ್ಚಿಡ್ತೀವಿ."

ಆಮೇಲಿನದನ್ನು ಸುಮ ನೋಡಿಕೊಂಡಳು. ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಪಾತ್ರೆಗಳೊಂದಿಗೆ ಹಿತ್ತಲಿಗೆ ಬಂದರು. ಎಲೆ ಹಾಕುವಾಗ ಮಧ್ಯಾಹ್ನ ಎಷ್ಟೋ ಜಾರಿತ್ತು. ಅಷ್ಟು ಹೊತ್ತು ಹಸಿದವರು ಏನು ಬಡಿಸಿದರೂ ಹೊಗಳುತ್ತಾರೆ. ಇಂಥ ಸಾರನ್ನು ಹುಟ್ಟಿದ ಮೇಲೆ ಉಂಡಿಲ್ಲ ಎಂದು ಎರಡು ಟೆಂಪೋದವರೂ ಒಂದೇ ಬಾಯಲ್ಲಿ ಹೇಳಿ ಹೊರಟರು. ಸವಿತ ಟೆಂಪೋ ಹತ್ತುವ ಮುಂಚೆ ನನ್ನ ಪಕ್ಕಕ್ಕೆ ಬಂದು, "ಅಣ್ಣಾ, ಇನ್ಮೇಲೆ ದಿನ ನೋಡೋದಿದ್ರೆ ಅತ್ಗೆ ಕೈಲಿ ನೋಡ್ಸು" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನ, ಅಂದರೆ ನಿಜವಾದ ಹನ್ನೆರಡನೇ ತಾರೀಕಿನಂದು, ಕಾಲೇಜಿನ ಸಹೋದ್ಯೋಗಿಗಳು ಉಡುಗೊರೆ ಹಿಡಿದುಕೊಂಡು ಬಂದರು. ಅವರಿಗೆ ಅವರೆಕಾಳು ಸಾರು ಬಡಿಸಿದೆವು. ಸೋಮವಾರ ಎಂದು ಗೊತ್ತಾಗಲಿಲ್ಲವೇ ಎಂದು ಕೇಳಿದರೆ, ಗೊತ್ತಿತ್ತು, ನಿಮ್ಮದು ಸುಧಾರಿಸಿದ ಮನೆತನ ಇರಬಹುದು ಅಂದುಕೊಂಡೆವು ಎಂದರು. ಓದಿದವನಿಗೆ ಈ ನಾಡಿನಲ್ಲಿ ಎಷ್ಟು ರಿಯಾಯಿತಿ ಇದೆ ಎಂಬುದು ನನಗೆ ಅಂದು ತಿಳಿಯಿತು.

ಪ್ರೋಗ್ರಾಮನ್ನು ನಾನು ಅದೇ ವಾರ ತಿದ್ದಿದೆ. ಬದಲಾಗಿದ್ದು ಎರಡೇ ಸಾಲು. ಉಳಿದದ್ದು ಮೊದಲಿನಿಂದಲೂ ಸರಿಯಾಗಿಯೇ ಇತ್ತು ಎಂದು ಈಗಲೂ ವಾದಿಸಬಲ್ಲೆ. ಬೀಗರು ನಮ್ಮನ್ನು ತಿರುಗಿ ಊಟಕ್ಕೆ ಕರೆದಾಗ ದಿನವನ್ನು ಅದರಿಂದಲೇ ತೆಗೆದೆ. ಸುಮ ಕ್ಯಾಲೆಂಡರ್ ನೋಡಿ ತಲೆಯಾಡಿಸಿದಳು. ಭಾನುವಾರವೆಂದರೆ ಭಾನುವಾರ. ಅಂದು ಬೆಳಿಗ್ಗೆ ನಮ್ಮ ಕಡೆಯವರನ್ನೆಲ್ಲ ಟೆಂಪೋಗೆ ಹತ್ತಿಸಿ, ಒಬ್ಬರಿಗೂ ಒಂದು ತುಂಡು ಇಡ್ಲಿ ಮುಟ್ಟಲು ಬಿಡದೆ, ಗೆದ್ದವನಂತೆ ಮುಂದಿನ ಸೀಟಿನಲ್ಲಿ ಕುಳಿತು ಲೊಕ್ಕನಹಳ್ಳಿಗೆ ಹೋದೆ.

ಚಪ್ಪರದ ಬಾಗಿಲಲ್ಲಿ ಪುಟ್ಟಸ್ವಾಮಿಯವರು ಕೈಮುಗಿದು ನಿಂತಿದ್ದರು. ಸಾರಿನ ವಾಸನೆಗೆಂದು ನಾನು ಮೂಗು ಅರಳಿಸಿದೆ. ಬರೀ ಸಗಣಿ ಸಾರಿಸಿದ ನೆಲದ ವಾಸನೆ ಬಂತು. "ಬನ್ನಿ ಮೇಷ್ಟ್ರೇ, ನಿಮ್ಮನೆ ಪದ್ಧತೀನೇ ನಾವೂ ಇಡ್ಕಂಡ್ವಿ" ಎಂದರು ಅವರು ಹೆಮ್ಮೆಯಿಂದ. "ನಿಮ್ ಕಾಲು ಬೀಳ್ದೆ ಒಂದು ಕಡ್ಡೀನೂ ಗೀರಬಾರ್ದು ಅಂತ ಕಾಯ್ತಾ ಕುಂತಿದ್ವಿ." ಬಾಗಿಲ ಸಂದಿಯಲ್ಲಿ ಸವಿತ ನಗು ತಡೆಯಲಾರದೆ ಒಳಗೆ ಓಡಿದಳು. ಹಿಂದೆ ನಿಂತಿದ್ದ ನಮ್ಮ ಕಡೆಯವರ ಹೊಟ್ಟೆಗಳು ಗುರುಗುಟ್ಟುವುದು ನನಗೆ ಕೇಳಿಸುತ್ತಿತ್ತು. ಹಿತ್ತಲಲ್ಲಿ ಊಟಕ್ಕೆಂದು ತಂದ ಮರಿಯನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಅದು ಇನ್ನೂ ಜೀವಂತವಾಗಿ, ನನ್ನನ್ನೇ ನೋಡುತ್ತ ಹಸಿರು ಸೊಪ್ಪು ಮೆಲ್ಲುತ್ತಿತ್ತು. ಅಷ್ಟು ಜನರ ನಡುವೆ ಬೆಳಗಿನ ತಿಂಡಿ ಆಗುತ್ತಿದ್ದದ್ದು ಅದಕ್ಕೊಂದಕ್ಕೇ.