ಯಾವ ಪಿಳ್ಳಪ್ಪ, ಯಾವ ಪಕ್ಷ?

ನಮ್ಮ ಚಿಂತಾಮಣಿ ಮಾವ ಸಾರಿಗೆ ಉಪ್ಪು ಹಾಕದಿದ್ದರೂ ಸುಮ್ಮನೆ ಉಂಡು ಏಳುವ ಸಾಧು ಪ್ರಾಣಿ. ಆದರೆ ಚುನಾವಣೆ ಫಲಿತಾಂಶದ ಪಟ್ಟಿಯಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಪಕ್ಷದ ಹೆಸರಿಲ್ಲವೋ, ಅವತ್ತು ಅವರಿಗೆ ಅನ್ನ ಇಳಿಯುವುದಿಲ್ಲ. ಅವರು ಯಾವ ಚುನಾವಣೆಗೂ ನಿಂತವರಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಒಮ್ಮೆ ಪತ್ರಿಕೆಯಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ಸಾಲಾಗಿ ಫಲಿತಾಂಶ ಬಂದಿತ್ತು. ಕೆಲವು ಹೆಸರುಗಳ ಮುಂದೆ ಬರೀ ‘ಪ’ ಎಂದಿತ್ತು. ಮಾವ ತಕ್ಷಣ ಪತ್ರಿಕೆಯವರಿಗೆ ಫೋನು ಹಚ್ಚಿದರು.

“ಏನಪ್ಪಾ, ಈ ‘ಪ’ ಅಂದ್ರೆ ಪಕ್ಷೇತರಾನೋ, ಪರಾಜಿತಾನೋ?”

ಆ ಕಡೆಯವರು ಸ್ವಲ್ಪ ಯೋಚಿಸಿ, “ಪರವಾಗಿಲ್ಲ ಬಿಡಿ ಸಾರ್,” ಎಂದರಂತೆ.

“ನೋಡು, ಮೂರನೇ ಅರ್ಥಾನೂ ಸಿಕ್ತು,” ಎಂದು ಮಾವ ಫೋನಿಟ್ಟರು.

ಈ ಚಟ ಪತ್ರಿಕೆಗೇ ನಿಂತಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಗೌರಿಬಿದನೂರಿನ ಒಂದು ಮದುವೆಯಲ್ಲಿ ಊಟಕ್ಕೆ ಕೂತವರನ್ನೆಲ್ಲ ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂದು ವಿಚಾರಿಸುತ್ತಾ ಹೊರಟರು. ಹೋಳಿಗೆ ಬಡಿಸುತ್ತಿದ್ದವನನ್ನೂ ಬಿಡಲಿಲ್ಲ.

“ನೀನು ಯಾವ ಕಡೆಯಪ್ಪಾ?”

“ಅಡುಗೆ ಕಡೆ ಸ್ವಾಮಿ.”

“ಸರಿ, ಪಕ್ಷೇತರ,” ಎಂದು ಅವನಿಂದ ಎರಡು ಹೋಳಿಗೆ ಜಾಸ್ತಿ ಹಾಕಿಸಿಕೊಂಡರು.

ಇಂಥ ಮಾವನೇ ಬೇಸ್ತು ಬಿದ್ದದ್ದು ಶಿಡ್ಲಘಟ್ಟದಲ್ಲಿ. ನಗರಸಭೆ ಚುನಾವಣೆ ಮುಗಿದು, ಅವರ ಮೆಚ್ಚಿನ ಪಕ್ಷದ ಪಿಳ್ಳಪ್ಪ ಎಂಬುವವರು ಗೆದ್ದಿದ್ದರು. ಮಾವ ಅವರನ್ನು ಕಂಡವರೇ ಅಲ್ಲ. ಆದರೂ ಅಭಿನಂದಿಸಲೇಬೇಕೆಂದು ದೊಡ್ಡದೊಂದು ಸೇವಂತಿಗೆ ಹಾರ ಕೊಂಡು ನನ್ನ ಸ್ಕೂಟರ್ ಹತ್ತಿದರು. ವಾಟ್ಸಾಪಿನಲ್ಲಿ ಬಂದಿದ್ದ ಅಭ್ಯರ್ಥಿಗಳ ಪಟ್ಟಿಯಲ್ಲಿ ಇಬ್ಬರು ಪಿಳ್ಳಪ್ಪಂದಿರಿದ್ದರು, ಒಬ್ಬರ ಮುಂದೆಯೂ ಪಕ್ಷವಿರಲಿಲ್ಲ. ದಾರಿಯುದ್ದಕ್ಕೂ ಅದನ್ನು ಕಳಿಸಿದವರನ್ನು ಬೈದರು.

ಊರಲ್ಲಿ ಪಿಳ್ಳಪ್ಪನವರ ಮನೆ ಕೇಳಿದೆವು. ಒಬ್ಬರು ಒಂದು ಸಂದಿಯತ್ತ ಕೈ ತೋರಿಸಿದರು. ಅಲ್ಲಿ ಹೋದರೆ ಜನವಿಲ್ಲ, ಪಟಾಕಿಯಿಲ್ಲ, ಜೈಕಾರವಿಲ್ಲ.

“ಎಷ್ಟು ಸರಳ ಮನುಷ್ಯ ನೋಡೋ,” ಎಂದು ಮಾವ ಮೆಚ್ಚಿಕೊಂಡರು.

ಬಾಗಿಲಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಸಣಕಲು ಮನುಷ್ಯರೊಬ್ಬರು ನಿಂತಿದ್ದರು. ಹಾರ ಕಂಡಿದ್ದೇ ತಾವಾಗಿ ಮೆಟ್ಟಿಲಿಳಿದು ಬಂದರು.

“ಗೆದ್ದ ಪಿಳ್ಳಪ್ಪನೋರ ಮನೆ ಹಿಂದಿನ ಬೀದಿ ಸಾರ್. ಬೆಳಗ್ಗಿಂದ ಎಲ್ರೂ ಇಲ್ಲಿಗೇ ಬರ್ತಾವ್ರೆ, ದಾರಿ ತೋರಿಸ್ತಾನೇ ಇದೀನಿ. ನಾನು ಪಕ್ಷೇತರ. ನಂಗೆ ನಮ್ಮ ಬೀದೀದೇ ಓಟು ಬೀಳ್ಲಿಲ್ಲ.”

ಅವರು ನಗುತ್ತಲೇ ಹೇಳಿದರು. ಅಷ್ಟರಲ್ಲಿ ಹಿಂದಿನ ಬೀದಿಯಲ್ಲಿ ಪಟಾಕಿ ಸರ ಹಚ್ಚಿದರು. ಅದು ನಿಲ್ಲುವವರೆಗೂ ಆ ಮನುಷ್ಯ ತಲೆ ತಗ್ಗಿಸಿಕೊಂಡು ನಿಂತರು. ನಾನು ಸ್ಕೂಟರ್ ತಿರುಗಿಸಿದೆ. ಮಾವ ಹತ್ತಲಿಲ್ಲ. ಹಾರವನ್ನು ಬಿಡಿಸಿ ಅವರ ಕೊರಳಿಗೇ ಹಾಕಿಬಿಟ್ಟರು.

“ಅಯ್ಯೋ, ನಾನಲ್ಲ ಸಾರ್, ಅವರು...”

“ನಂಗೆ ಗೊತ್ತಪ್ಪಾ. ನಾವು ನಿಮ್ಮನ್ನೇ ನೋಡಕ್ಕೆ ಬಂದಿದ್ದು.”

ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪಿಳ್ಳಪ್ಪನವರು ಹಾರವನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿಕೊಂಡರು. ಆಮೇಲೆ ಒಳಕ್ಕೆ ತಿರುಗಿ ಹೆಂಡತಿಯನ್ನು ಕೂಗಿದರು.

“ಲೇ, ಕಾಫಿಗಿಡೇ. ಇವ್ರು ನಮ್ಮನೇಗೇ ಬಂದಿರೋದಂತೆ ಕಣೇ.”