ನಾನು ಹೊಸಬನೆಂಬುದಕ್ಕೆ ಒಂದು ಪತ್ರ

ಅವಮಾನದಿಂದ ಮನುಷ್ಯನಿಗೆ ಆಗುವ ಹಾನಿಯ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಗೌರವದಿಂದ ಆಗುವ ಹಾನಿಯ ಬಗ್ಗೆ ಬರೆದವರನ್ನು ನಾನು ಕಾಣೆ. ಮೊನ್ನೆ ನನಗೆ ಆದದ್ದು ಈ ಎರಡನೆಯ ಬಗೆಯದು. ಅವಮಾನವಾಗಿದ್ದರೆ ಎದುರು ಮಾತಾಡಬಹುದಿತ್ತು, ಕಡೆಗೆ ಮನೆಗೆ ಬಂದು ಊಟ ಬಿಡಬಹುದಿತ್ತು. ಗೌರವ ಮಾಡಿದವರ ಮೇಲೆ ಸಿಟ್ಟು ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ, ಏನನ್ನೂ ಸೇರಿಸದೆ ಹೇಳುತ್ತೇನೆ.

ನನಗೆ ನಲವತ್ತೆಂಟು ವರ್ಷ. ಮನೆ ಗುಡಗೇರಿಯಲ್ಲಿ. ದಿನಾಲು ರೈಲು ಹತ್ತಿ ಕುಂದಗೋಳದ ಒಂದು ಕಾಲೇಜಿಗೆ ಇಂಗ್ಲಿಷ್ ಪಾಠ ಹೇಳಲು ಹೋಗುತ್ತೇನೆ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ನಾನು ಅತಿಥಿ ಉಪನ್ಯಾಸಕ. ಇಷ್ಟು ದಿನ ಅತಿಥಿಯಾಗಿ ಉಳಿದವನನ್ನು ಬೇರೆ ಯಾವ ಮನೆಯವರಾದರೂ ಒಂದೋ ಹೊರಗೆ ಹಾಕುತ್ತಿದ್ದರು, ಇಲ್ಲವೇ ಅಳಿಯನನ್ನಾಗಿ ಮಾಡಿಕೊಳ್ಳುತ್ತಿದ್ದರು. ಭಾಷಾಶಾಸ್ತ್ರದಲ್ಲಿ ನನ್ನ ಪಿಎಚ್.ಡಿ. ಮುಗಿಯುವ ಹೊತ್ತಿಗೆ ತಲೆಯ ಮುಂಭಾಗದ ಕೂದಲೂ ಮುಗಿದಿತ್ತು. ಆ ಮಹಾಪ್ರಬಂಧವನ್ನು ಪೂರ್ತಿ ಓದಿದವಳು ಟೈಪ್ ಮಾಡಿದ ಹುಡುಗಿ. ಮಾರ್ಗದರ್ಶಕರ ಬಗ್ಗೆ ನನಗೆ ಖಚಿತವಿಲ್ಲ, ಅದಕ್ಕೇ ಅವರನ್ನು ಎಣಿಸಿಲ್ಲ. ಹೀಗಿರುವಾಗ, ಇಂಗ್ಲಿಷ್ ಭಾಷಾಶಾಸ್ತ್ರದಲ್ಲಿ ಈಗಷ್ಟೇ ಕಣ್ಣು ಬಿಡುತ್ತಿರುವ ವಿದ್ವಾಂಸರಿಗಾಗಿ ಹೊರದೇಶದ ಒಂದು ಸಂಸ್ಥೆ ಇಟ್ಟಿರುವ ಪ್ರಬಂಧ ಬಹುಮಾನದ ಪ್ರಕಟಣೆ ನನ್ನ ಕಣ್ಣಿಗೆ ಬಿತ್ತು. ವಯಸ್ಸಿನ ಮಿತಿ ಇರಲಿಲ್ಲ. ಪಿಎಚ್.ಡಿ. ಬಂದು ಐದು ವರ್ಷ ದಾಟಿರಬಾರದು, ಅಷ್ಟೇ. ಗೆದ್ದ ಪ್ರಬಂಧ ಅವರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಅಂದರೆ ನನ್ನನ್ನು ಕಾಣದವರು, ನನ್ನ ಮುಲಾಜಿಲ್ಲದವರು ಓದುತ್ತಾರೆ. ಬರುವ ಡಿಸೆಂಬರಿಗೆ ನನ್ನ ಐದು ವರ್ಷ ಮುಗಿಯುತ್ತದೆ. ಇದೇ ಕೊನೆಯ ಅವಕಾಶ.

ನಾನು ಬರೆದ ಪ್ರಬಂಧದ ವಿಷಯ ಇದು: ನಮ್ಮ ಕಡೆಯ ಜನ ಇಂಗ್ಲಿಷಿನಲ್ಲಿ 'ಇಲ್ಲ' ಎಂದು ಹೇಗೆ ಹೇಳುತ್ತಾರೆ? ಹೇಳುವುದೇ ಇಲ್ಲ ಎಂಬುದು ನನ್ನ ತೀರ್ಮಾನ. ಅಲ್ಲಿಗೆ ಬರಲು ನಲವತ್ತು ಪುಟ ಬೇಕಾದವು. ಗುಡಗೇರಿಯ ಸಂತೆಯ ದಿನ ಕಾಳಿನ ಅಂಗಡಿಯ ಕಟ್ಟೆಯ ಮೇಲೆ ಕೂತು ಟಿಪ್ಪಣಿ ಮಾಡಿಕೊಂಡಿದ್ದೇನೆ. ರೈತ ಹೇಳಿದ ದರ ಒಪ್ಪಿಗೆಯಾಗದಿದ್ದರೆ ವ್ಯಾಪಾರಿ 'ನೋಡೂಣ್ರಿ' ಎನ್ನುತ್ತಾನೆ. ರೈತ ಸುಮ್ಮನೆ ಚೀಲದ ಬಾಯಿ ಕಟ್ಟುತ್ತಾನೆ. ಮಾತು ಮುಗಿಯಿತೆಂದು ಇಬ್ಬರಿಗೂ ಗೊತ್ತು, ಇಬ್ಬರ ಮರ್ಯಾದೆಯೂ ಉಳಿಯಿತು. ಅದೇ ವ್ಯಾಪಾರಿಯ ಮಗ ಪುಣೆಯ ಕಂಪನಿಗೆ ಇಂಗ್ಲಿಷಿನಲ್ಲಿ 'ವಿ ವಿಲ್ ಸೀ ಸರ್' ಎಂದು ಬರೆಯುತ್ತಾನೆ. ಪುಣೆಯವರು ಮೂರು ವಾರ ಕಾಯುತ್ತಾರೆ. ಇದನ್ನೆಲ್ಲ ನಾನು ಶಾಸ್ತ್ರೀಯವಾಗಿ, ಅಡಿಟಿಪ್ಪಣಿಗಳ ಸಮೇತ ಬರೆದಿದ್ದೆ.

ಪ್ರಬಂಧದ ಜೊತೆಗೆ, ಅಭ್ಯರ್ಥಿ ನಿಜವಾಗಿಯೂ ವೃತ್ತಿಯ ಆರಂಭದಲ್ಲಿದ್ದಾನೆ ಎಂದು ಆತನ ಕಾಲೇಜೇ ಅವರಿಗೆ ನೇರವಾಗಿ ಒಂದು ಪತ್ರ ಕಳಿಸಬೇಕಿತ್ತು. ನಾನು ಎರಡು ಸಾಲಿನ ಕರಡು ಮಾಡಿಕೊಂಡು ಕಚೇರಿಯ ಸೂಪರಿಂಟೆಂಡೆಂಟ್ ಶಿವಪುತ್ರಪ್ಪನವರ ಮೇಜಿನ ಮುಂದೆ ನಿಂತೆ. ಅವರ ಬಗ್ಗೆ ಒಂದು ಮಾತು ಹೇಳಬೇಕು. ಪ್ರತಿ ಜೂನ್ ತಿಂಗಳು ಅತಿಥಿಗಳ ಹೊಸ ಪಟ್ಟಿ ಆಗುವಾಗ ನನ್ನ ಹೆಸರು ಬಿಟ್ಟುಹೋಗದಂತೆ ಹತ್ತೊಂಬತ್ತು ವರ್ಷ ನೋಡಿಕೊಂಡವರು ಅವರು. ಒಂದು ಸಲವೂ ಅದನ್ನು ಆಡಿ ತೋರಿಸಿದವರಲ್ಲ. ಅವರು ಕರಡನ್ನು ಓದಿ, ಕನ್ನಡಕ ತೆಗೆದು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇದೇನ್ರಿ ಸರ, ನಿಮ್ಮನ್ನ ನೀವ ಇಷ್ಟ ಸಣ್ಣ ಮಾಡ್ಕೋತೀರಿ? ಹತ್ತೊಂಬತ್ತು ವರ್ಷ ಪಾಠ ಹೇಳಿದವರಿಗೆ ಈಗ ಸುರು ಮಾಡ್ಯಾರ ಅಂತ ಬರೀಬೇಕೇನ್ರಿ?"

"ಅವರ ನಿಯಮ ಹಂಗ ಐತ್ರಿ."

"ನಿಯಮ ಅವರದ್ರಿ. ಲೆಟರ್‌ಹೆಡ್ ನಮ್ಮದ್ರಿ. ನೀವು ಹೋಗ್ರಿ, ನಾ ಬರೀತೀನಿ."

ಅವರು ಬರೆದ ಮೊದಲ ಪತ್ರದಲ್ಲಿ ನಾನು 'ಹಿರಿಯ, ಅನುಭವಿ ಮತ್ತು ಹೆಸರಾಂತ ವಿದ್ವಾಂಸ'ನಾಗಿದ್ದೆ. ನಾನು ಬಹಳ ನಾಜೂಕಾಗಿ, ಇದರಲ್ಲಿ ಒಂದೆರಡು ಮಾತು ಕಡಿಮೆಯಾದರೆ ಚೆನ್ನ ಎಂದೆ. ಅವರು ನನ್ನ ವಿನಯವನ್ನು ಮೆಚ್ಚಿ 'ಹೆಸರಾಂತ'ವನ್ನು ತೆಗೆದರು, ಆ ಜಾಗ ಖಾಲಿ ಕಾಣುತ್ತದೆಂದು 'ಜಿಲ್ಲೆಯಲ್ಲೇ ಅಗ್ರಗಣ್ಯ' ಎಂದು ಸೇರಿಸಿದರು. ಮೂರನೆಯ ಸಲ ನಾನು ಎದೆ ಗಟ್ಟಿ ಮಾಡಿಕೊಂಡು, 'ವೃತ್ತಿಯ ಆರಂಭ' ಎಂಬ ಮಾತು ಪತ್ರದಲ್ಲಿ ಇರಲೇಬೇಕು, ಇಲ್ಲದಿದ್ದರೆ ಆಗುವುದಿಲ್ಲ ಎಂದು ಕೈ ಮುಗಿದೆ. "ಆತ್ರಿ, ಹಾಕಿಬಿಡೂಣು" ಎಂದರು. ಸಂಜೆಯ ರೈಲಿನಲ್ಲಿ ಕೂತಾಗ ನನ್ನ ಮೊಬೈಲಿಗೆ ಪತ್ರದ ಪ್ರತಿ ಬಂತು. ಮೂಲವನ್ನು ಆಗಲೇ ಹೊರದೇಶದ ಸಂಸ್ಥೆಗೆ ಕಳಿಸಿಬಿಟ್ಟಿದ್ದರು. 'ವೃತ್ತಿಯ ಆರಂಭ' ಬಂದಿದ್ದ ಇಂಗ್ಲಿಷ್ ಸಾಲಿನ ಅರ್ಥ ಹೀಗಿತ್ತು: 'ಇವರು ತಮ್ಮ ವೃತ್ತಿಯ ಆರಂಭದಿಂದಲೇ ಹಿರಿಯ ವಿದ್ವಾಂಸರು.'

ಇಳಿಯಬೇಕಾದ ಸ್ಟೇಷನ್ ಬಂದದ್ದು ಬಾಜೂದವರು ಹೇಳಿದ ಮೇಲೆ ತಿಳಿಯಿತು. ಮನೆಯಲ್ಲಿ ಹೆಂಡತಿ ಪತ್ರವನ್ನು ಓದಿಸಿ ಕೇಳಿದಳು. "ಕಡೀ ತಾರೀಖಿಗೆ ಇನ್ನೂ ಎರಡು ದಿನ ಐತಲ್ರಿ? ನಾಳಿಗೆ ಹೋಗಿ, ಇದು ಬ್ಯಾಡ್ರಿ, ಬ್ಯಾರೆ ಕಳಸ್ರಿ ಅನ್ರಿ. ಅವರೇನು ಕಚ್ಚತಾರೇನು?" ಎಂದಳು. ನಾನು ರೊಟ್ಟಿ ತಿನ್ನುತ್ತಲೇ ಆ ವಾಕ್ಯವನ್ನು ಬಾಯಿಪಾಠ ಮಾಡಿದೆ. ಮರುದಿನ ರೈಲಿನಲ್ಲೂ ಮಾಡಿದೆ.

ಕಚೇರಿಗೆ ಹೋದರೆ ಶಿವಪುತ್ರಪ್ಪನವರು ಎದ್ದು ನಿಂತು ನನಗೆ ಕುರ್ಚಿ ಸರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಅವರು ಎದ್ದು ನಿಂತದ್ದು ಅದೇ ಮೊದಲು. ಚಹಾ ತರಿಸಿದರು. "ನಾನೂ ಮುಂದಿನ ತಿಂಗಳ ರಿಟೈರ್ ಆಗತೀನ್ರಿ. ನಿಮ್ಮನ್ನ ಪರ್ಮನೆಂಟ್ ಮಾಡಸಾಕ ನನ್ನ ಕಡೆ ಆಗಲಿಲ್ಲ. ಪತ್ರದಾಗರ ದೊಡ್ಡವರನ್ನ ಮಾಡೂಣು ಅಂತ ಮನಸಿಟ್ಟು ಬರದೀನ್ರಿ. ಹೆಂಗ ಆಗೇತ್ರಿ?" ಎಂದರು.

ಬಾಯಿಪಾಠ ಮಾಡಿದ್ದ ವಾಕ್ಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಂದದ್ದು ನಿಜ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. "ಅಗದಿ ಚಲೋ ಆಗೇತ್ರಿ," ಎಂದೆ. ಚಹಾ ಕುಡಿದು ಎದ್ದೆ.

"'ಇಲ್ಲ' ಅನ್ನೂದರ ಮ್ಯಾಲ ನಲವತ್ತು ಪುಟ ಬರದ್ರಿ," ಎಂದಳು ಹೆಂಡತಿ ಆ ಸಂಜೆ. "ಒಂದ ಸಲ ಬ್ಯಾಡ ಅನ್ನಾಕ ಬರಲಿಲ್ಲಲ್ರಿ ನಿಮಗ."

ವಾರ ಕಳೆದ ಮೇಲೆ ಆ ಸಂಸ್ಥೆಯಿಂದ ಉತ್ತರ ಬಂತು. ಒಂದೇ ಸಾಲು: ನಿಮ್ಮ ಕಾಲೇಜಿನ ಪತ್ರದ ಪ್ರಕಾರ ನೀವು ಅರ್ಹರಲ್ಲ. ನನಗೆ ದುಃಖವಾಯಿತು. ಆದರೂ ನಾಲ್ಕು ಸಲ ಓದಿದೆ. ಇಷ್ಟು ಶುಭ್ರವಾದ 'ಇಲ್ಲ'ವನ್ನು ಯಾರೂ ಈ ಮೊದಲು ನನಗೆ ಹೇಳಿರಲಿಲ್ಲ. ಬರೆದವರು ಯಾರೋ, ಅದನ್ನು ಬರೆದು ಎದ್ದು ಆರಾಮವಾಗಿ ಊಟಕ್ಕೆ ಹೋಗಿರಬೇಕು.

ಶಿವಪುತ್ರಪ್ಪನವರ ನಿವೃತ್ತಿಯ ದಿನ ಹಾರ ಶಾಲುಗಳ ನಡುವೆಯೂ ಅವರು ನನ್ನನ್ನು ಹುಡುಕಿಕೊಂಡು ಬಂದರು. "ಏನಾತ್ರಿ ಸರ ಬಹುಮಾನ?"

"ಈ ವರ್ಷ ಯಾಕೋ ಕೂಡಿ ಬರಲಿಲ್ರಿ," ಎಂದೆ.

ಅವರ ಮುಖ ಸಣ್ಣದಾಯಿತು. "ನನ್ನ ಪತ್ರದಾಗ ಏನರ ಕಡಿಮಿ ಬಿದ್ದಿರಬೇಕ್ರಿ. ರಿಟೈರ್ ಆದರೇನಾತು, ಮುಂದಿನ ವರ್ಷ ನಾನ ಬಂದು ಇನ್ನೂ ಜೋರ್ ಬರದು ಕೊಡತೀನಿ. ಬರ್ಲೇನ್ರಿ?"

ಮುಂದಿನ ವರ್ಷ ಎಂಬುದು ನನಗೆ ಇಲ್ಲ, ಡಿಸೆಂಬರಿಗೇ ಎಲ್ಲ ಮುಗಿಯುತ್ತದೆ ಎಂದು ಹೇಳುವುದು ಸುಲಭವಿತ್ತು. ಅವರ ಕೊರಳಿನ ಹಾರದಿಂದ ಒಂದು ಚೆಂಡುಹೂವು ನನ್ನ ಚಪ್ಪಲಿಯ ಮೇಲೆ ಬಿತ್ತು. ನಾನು ಅದನ್ನೇ ನೋಡುತ್ತ ನಿಂತೆ.

"ನೋಡೂಣ್ರಿ," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೆಗಲಿನ ಶಾಲು ತೆಗೆದು, ಮಡಚಿ, ಚೀಲದೊಳಗೆ ಇಟ್ಟು, ಚೀಲದ ಬಾಯಿ ಕಟ್ಟಿದರು.