ಮಲ್ಲಮ್ಮನ ಮನೆಯ ತಪಾಸಣೆ

‘ಬಂದವರ ಕಣ್ಣಿಗೆ ಮನೆಯ ಹರಕು ಬೀಳಬಾರದು’ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿಯ ಮಾತನ್ನು ಪಾಲಿಸಿ ಕೆಟ್ಟವನು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.

ಪಟ್ಟಂದೂರು ಅಗ್ರಹಾರದಲ್ಲಿ ನಮ್ಮ ಮನೆಯ ಹಿಂದೆ ನಮ್ಮದೇ ಒಂದು ಶೀಟಿನ ಮನೆಯಿದೆ. ಕಟ್ಟಡ ಕೆಲಸದ ಮಲ್ಲಮ್ಮ, ಯಾದಗಿರಿ ಕಡೆಯವಳು, ಅದರಲ್ಲಿ ಬಾಡಿಗೆಗಿದ್ದಾಳೆ. ಬಡವರ ಮನೆಗೆ ಕಡಿಮೆ ಕರೆಂಟಿನ ಫ್ಯಾನು, ಬಲ್ಬು ಕೊಟ್ಟು, ಶೀಟಿಗೆ ತಂಪಿನ ಬಿಳಿ ಬಣ್ಣವನ್ನೂ ಬಳಿಸಿಕೊಡುವ ಸರ್ಕಾರದ ಯೋಜನೆಯೊಂದು ಬಂತು. ಮನೆ ಮಾಲೀಕನ ಸಹಿ ಬೇಕೆಂದು ಮಲ್ಲಮ್ಮ ಅರ್ಜಿ ಹಿಡಿದು ನನ್ನ ಹತ್ತಿರ ಬಂದಳು.

“ಯಜಮಾನ್ರ, ಮಗಳು ಬಾಣಂತನಕ್ಕ ಬರಾಕತ್ತಾಳ್ರಿ. ಈ ಬಿಸಿಲಾಗ ಕೂಸು ಹ್ಯಾಂಗ ಮಲಗತೈತ್ರಿ?”

“ನನಗ್ ಬಿಡಮ್ಮ, ನಾನ್ ನೋಡ್ಕೋತೀನಿ” ಎಂದೆ. ನಾನು ಹೀಗೆ ಹೇಳಿದಾಗಲೆಲ್ಲ ನನ್ನ ಹೆಂಡತಿ ಜಯಮ್ಮ ದೇವರ ಪಟದ ಕಡೆ ನೋಡುತ್ತಾಳೆ.

ಸರ್ಕಾರದವರು ತಪಾಸಣೆಗೆ ಬರುವ ದಿನ ಮಲ್ಲಮ್ಮ ಕೀಲಿ ಕೊಟ್ಟು ಕೆಲಸಕ್ಕೆ ಹೋದಳು. ಒಳಗೆ ಹೋಗಿ ನೋಡಿದೆ. ಫ್ಯಾನು ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುವಂಥದ್ದು. ಬಲ್ಬು ಹಳದಿ. ಸರ್ಕಾರದ ಮುಂದೆ ಊರಿನ ಮಾನವೇನಾಗಬೇಕು?

“ಇದ್ದಂಗೆ ಇರ್ಲಿ ಬುಡಿ. ಅವ್ರು ನೋಡಕ್ ಬರೋದೇ ಅದನ್ನ” ಎಂದಳು ಜಯಮ್ಮ.

“ಮರ್ಯಾದೆ ಅಂದ್ರೆ ಏನು ಅಂತ ನಿಂಗ್ ಗೊತ್ತಿಲ್ಲ.”

ಹಳೆಯ ಫ್ಯಾನು ನಮ್ಮ ಅಟ್ಟ ಸೇರಿತು. ನಮ್ಮ ಹಾಲಿನ ರಿಮೋಟ್ ಫ್ಯಾನು ಅಲ್ಲಿಗೆ ಏರಿತು. ಬಲ್ಬುಗಳನ್ನೂ ಬದಲಿಸಿದೆ. ಬರುವವರಿಗೆ ಸೆಕೆಯಾಗಬಾರದೆಂದು ಪಕ್ಕದ ಮನೆಯ ಕೂಲರನ್ನೂ ಹೊತ್ತು ತಂದೆ.

ಕೈಯಲ್ಲಿ ಟ್ಯಾಬ್ ಹಿಡಿದ ಮೇಡಂ ಬಂದರು. ಕೂಲರಿನ ಮುಂದೆ ಕೂತು ಪಾನಕ ಕುಡಿದರು. ಎಲ್ಲದರ ಫೋಟೋ ತೆಗೆದರು.

“ಎಷ್ಟು ತಂಪಾಗಿದೆ ಸಾರ್.”

ನನ್ನ ಎದೆ ಉಬ್ಬಿತು.

“ಈ ಮನೆಗೇನೂ ಬೇಕಾಗಿಲ್ಲ. ರಿಜೆಕ್ಟ್ ಮಾಡಿದೀನಿ.”

“ಮೇಡಂ, ಇದೆಲ್ಲ ನಮ್ಮದು! ನಿಮಗೋಸ್ಕರ ತಂದಿಟ್ಟಿದ್ದು.”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಎಲ್ಲರೂ ಇರೋದನ್ನ ಬಚ್ಚಿಡ್ತಾರೆ ಸಾರ್. ಇಲ್ಲದ್ದನ್ನ ತಂದಿಟ್ಟೆ ಅನ್ನೋರು ನೀವೇ ಮೊದಲು. ಆಫೀಸಲ್ಲಿ ಯಾರ್ ನಂಬ್ತಾರೆ? ಫೋಟೋ ಆಗಲೇ ಹೋಯ್ತು.”

ಸಂಜೆ ಮಲ್ಲಮ್ಮ ಸಿಮೆಂಟು ಮೆತ್ತಿದ ಕೈಯಲ್ಲೇ ಓಡಿ ಬಂದಳು. ಹೇಳಿದೆ. ಅವಳು ತಲೆಯೆತ್ತಿ ಶೀಟನ್ನು ನೋಡಿದಳು.

“ಹೋಗ್ಲಿ ಬಿಡ್ರಿ ಯಜಮಾನ್ರ. ನೀವು ಛಲೋ ಮಾಡಾಕ ಹೋಗೀರಿ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುದಿನ ಕೂಲರು ಅದರ ಮನೆಗೆ ಹೋಯಿತು. ನಾನು ಫ್ಯಾನಿಗೆ ಕೈ ಹಾಕುವ ಮೊದಲೇ ಜಯಮ್ಮ, “ಮುಟ್ಟೀರಾ ಜೋಕೆ, ಮಗು ಬತ್ತದೆ” ಎಂದಳು. ಹಾಗಾಗಿ ಕೋಲಿನ ಫ್ಯಾನು ಈಗ ನಮ್ಮ ಹಾಲಿನಲ್ಲಿದೆ, ಕೋಲು ನನ್ನ ಕೈಯಲ್ಲಿದೆ. ಕೂಸು ಬಂದಿದೆ. ಆದರೆ ಬಣ್ಣ ಕಾಣದ ಶೀಟಿನ ಕೆಳಗೆ ರಿಮೋಟ್ ಫ್ಯಾನು ಬೀಸುವುದೂ ಬಿಸಿಗಾಳಿಯೇ. ಕೂಸು ಅತ್ತಾಗಲೆಲ್ಲ ನನಗೆ ಕೇಳಿಸುತ್ತದೆ.

ಅದಕ್ಕೇ ದಿನವೂ ಮಧ್ಯಾಹ್ನ ಏಣಿ ಹತ್ತಿ, ಶೀಟಿನ ಮೇಲೆ ಹಾಸಿದ ಗೋಣಿಚೀಲಗಳಿಗೆ ನೀರು ಹಾಕುತ್ತೇನೆ. ಏಣಿ ಹಿಡಿದುಕೊಂಡ ಜಯಮ್ಮ ನಿನ್ನೆ ಕೆಳಗಿನಿಂದ ಹೇಳಿದಳು:

“ಮನೆ ಹರಕು ಯಾರಿಗೂ ಕಾಣ್ಲಿಲ್ಲ ಬುಡಿ. ನಿಮ್ ಪಂಚೆ ಹರಕು ಮಾತ್ರ ಬೀದಿಗೆಲ್ಲ ಕಾಣ್ತಾ ಅದೆ.”